ಪರ್ವತನಾಮವೊಂದರ ಕಾವ್ಯಾರ್ಥ

ಶಬ್ದಗಳಿಗೂ ನಾಣ್ಯಗಳಿಗೂ ಒಂದು ಸಾದೃಶ್ಯವುಂಟು. ಕೈಯಿಂದ ಕೈಗೆ ಸಾಗುತ್ತ ನಾಣ್ಯದ ಮುದ್ರೆ ಸವೆಯುವಂತೆ, ಬಾಯಿಂದ ಬಾಯಿಗೆ ಸಾಗುತ್ತ ಶಬ್ದದ ಮೂಲಾರ್ಥವೂ ಸವೆಯುತ್ತದೆ. ಚಲಾವಣೆ ಮಾತ್ರ ನಿಲ್ಲುವುದಿಲ್ಲ. ಯುರೋಪಿನ ಭಾಷೆಗಳಲ್ಲಿ 'ಪಾರ್ನಾಸಸ್' ಎಂಬುದು ಇಂತಹ ಒಂದು ಶಬ್ದ. ಮೂಲತಃ ಅದು ಗ್ರೀಸ್ ದೇಶದ ಒಂದು ಪರ್ವತದ ಹೆಸರು. ಕಾಲಾಂತರದಲ್ಲಿ ಅದಕ್ಕೆ ಕಾವ್ಯ, ಕವಿಸಮುದಾಯ, ಕವಿಗೆ ದೊರೆಯುವ ಮನ್ನಣೆ ಎಂಬ ಅರ್ಥಗಳೆಲ್ಲ ಬಂದವು. ಕವಿತಾಸಂಕಲನಗಳಿಗೂ ಇದೇ ಹೆಸರಾಯಿತು. 1600ರಲ್ಲಿಯೇ ಲಂಡನ್ನಿನಲ್ಲಿ 'ಇಂಗ್ಲೆಂಡ್ಸ್ ಪಾರ್ನಾಸಸ್' ಎಂಬ ಸಂಗ್ರಹ ಅಚ್ಚಾಗಿತ್ತು. ಈ ಶಬ್ದದ ಪಯಣವನ್ನು ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಬರಿಯ ಭಾಷಾಕುತೂಹಲದ ವಿಷಯವಲ್ಲ. ಯಾರನ್ನು ಮೇಲೆ ಕೂರಿಸಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಎಂಬ ನ್ಯಾಯದ ಪ್ರಶ್ನೆ ಇದರಲ್ಲಿ ಅಡಗಿದೆ.

ಮೊದಲು ಪರ್ವತದ ಸಂಗತಿ. ಮಧ್ಯ ಗ್ರೀಸಿನಲ್ಲಿರುವ ಪಾರ್ನಾಸಸ್ಸಿನ ಎತ್ತರ 2,457 ಮೀಟರು. ಸುಣ್ಣಕಲ್ಲಿನ ಈ ಪರ್ವತದ ನೈಋತ್ಯ ಪಾರ್ಶ್ವದಲ್ಲಿ ಡೆಲ್ಫಿ ಕ್ಷೇತ್ರವಿದೆ. ಪ್ರಾಚೀನ ಕಾಲದಲ್ಲಿ ಅಪಾಲೋ ದೇವತೆಯ ಭವಿಷ್ಯವಾಣಿಯನ್ನು ಕೇಳಲು ದೂರದೂರದ ಜನ ಅಲ್ಲಿಗೆ ಬರುತ್ತಿದ್ದರು. ಸಮೀಪದಲ್ಲಿಯೇ ಕಸ್ಟಾಲಿಯಾ ಎಂಬ ಬುಗ್ಗೆ. ಯಾತ್ರಿಕರು ಆ ನೀರಿನಲ್ಲಿ ಶುದ್ಧರಾಗಿ ದೇವಾಲಯಕ್ಕೆ ಹೋಗುತ್ತಿದ್ದರು. 1938ರಿಂದ ಈ ಪರ್ವತಪ್ರದೇಶ ರಾಷ್ಟ್ರೀಯ ಉದ್ಯಾನವಾಗಿದೆ. ಚಳಿಗಾಲದಲ್ಲಿ ಅಲ್ಲಿ ಹಿಮದ ಮೇಲೆ ಜಾರುವ ಆಟ ನಡೆಯುತ್ತದೆ. ಸುತ್ತಿನಲ್ಲಿ ಬಾಕ್ಸೈಟ್ ಗಣಿಗಳಿವೆ. ನಿಘಂಟಿನಲ್ಲಿರುವ ಪಾರ್ನಾಸಸ್ ಬೇರೆ, ನೆಲದ ಮೇಲಿರುವ ಪಾರ್ನಾಸಸ್ ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಗ್ರೀಕ್ ಕಾವ್ಯದ ಆದಿಯಲ್ಲಿ ಕಾವ್ಯದೇವತೆಯರಾದ ಒಂಬತ್ತು ಮ್ಯೂಸರ ನಿವಾಸವಾಗಿ ಪ್ರಸಿದ್ಧವಾಗಿದ್ದುದು ಪಾರ್ನಾಸಸ್ ಅಲ್ಲ. ಅದರ ಆಗ್ನೇಯಕ್ಕಿರುವ, ಅದಕ್ಕಿಂತ ತಗ್ಗಾದ ಹೆಲಿಕಾನ್ ಪರ್ವತ. ಕ್ರಿ.ಪೂ. 700ರ ಸುಮಾರಿನ ಕವಿ ಹೆಸಿಯಡ್, ಹೆಲಿಕಾನಿನ ತಪ್ಪಲಿನಲ್ಲಿ ಕುರಿ ಕಾಯುತ್ತಿದ್ದಾಗ ಮ್ಯೂಸರು ತನಗೆ ಹಾಡುವ ಶಕ್ತಿಯನ್ನು ಅನುಗ್ರಹಿಸಿದರೆಂದು ಹೇಳಿಕೊಂಡಿದ್ದಾನೆ. ಅವನ ತಂದೆ ಹಡಗಿನಲ್ಲಿ ವ್ಯಾಪಾರಕ್ಕೆ ತಿರುಗಿ, ಬಡತನಕ್ಕೆ ಸೋತು, ಕಡಲಾಚೆಯಿಂದ ಆ ತಪ್ಪಲಿನ ಹಳ್ಳಿಗೆ ಬಂದು ನೆಲೆಸಿದವನು. ಆ ಹಳ್ಳಿಯಾದರೂ ಚಳಿಗಾಲದಲ್ಲಿ ಕೆಟ್ಟದ್ದು, ಬೇಸಗೆಯಲ್ಲಿ ಕಷ್ಟದ್ದು ಎಂದು ಕವಿಯೇ ದೂರಿದ್ದಾನೆ. ಪಿತ್ರಾರ್ಜಿತದ ಪಾಲಿನಲ್ಲಿ ಅನ್ಯಾಯ ಮಾಡಿದ ತಮ್ಮನಿಗೆ ದುಡಿಮೆಯ ಧರ್ಮವನ್ನು ಬೋಧಿಸುವುದಕ್ಕಾಗಿಯೇ ಅವನು ಒಂದು ಕಾವ್ಯವನ್ನು ರಚಿಸಿದನು. ಹಾಡಿನ ಸ್ಪರ್ಧೆಯೊಂದರಲ್ಲಿ ಗೆದ್ದ ಬಹುಮಾನವನ್ನು ಮನೆಯಲ್ಲಿ ಇರಿಸಿಕೊಳ್ಳದೆ ಹೆಲಿಕಾನಿನ ಮ್ಯೂಸರಿಗೇ ಅರ್ಪಿಸಿದನು. ಇವನಿಗೆ ಪರ್ವತವೆಂದರೆ ಹತ್ತಿ ಕುಳಿತುಕೊಳ್ಳುವ ಪೀಠವಲ್ಲ. ಅದರ ಬುಡದಲ್ಲಿ ನಿಂತು ದುಡಿಯುವವನಿಗೆ ಮೇಲಿನಿಂದ ಇಳಿದುಬಂದ ಒಂದು ಋಣ.

ಈ ಅರ್ಥ ಬಹುಕಾಲ ನಿಲ್ಲಲಿಲ್ಲ. ಮ್ಯೂಸರಿಗೆ ನಾಯಕನಾದ ಅಪಾಲೋವಿನ ಕ್ಷೇತ್ರ ಪಾರ್ನಾಸಸ್ಸಿನಲ್ಲಿ ಇದ್ದುದರಿಂದ ಕ್ರಮೇಣ ಮ್ಯೂಸರೂ ಅಲ್ಲಿಗೆ ಸೇರಿದರು. ರೋಮನ್ ಕವಿಗಳ ಕಾಲಕ್ಕೆ ಕಸ್ಟಾಲಿಯಾದ ನೀರು ಕಾವ್ಯಸ್ಫೂರ್ತಿಯ ಪಾನವಾಗಿತ್ತು. ತೊಳೆದುಕೊಳ್ಳುವುದಕ್ಕೆ ಇದ್ದ ನೀರು ಕುಡಿದು ಮೆರೆಯುವುದಕ್ಕೆ ಬಂತೆಂದರೆ ತಪ್ಪಾಗಲಾರದು. ಕ್ರಿ.ಶ. ಮೊದಲ ಶತಮಾನದ ವಿಡಂಬನಕವಿ ಪರ್ಸಿಯಸ್ ಈ ಡಂಭವನ್ನು ಆಗಲೇ ಕಂಡಿದ್ದನು. ತಾನು ಪಾರ್ನಾಸಸ್ಸಿನ ಮೇಲೆ ಮಲಗಿ ಕನಸು ಕಂಡು ಕವಿಯಾಗಿ ಎದ್ದವನಲ್ಲವೆಂದೂ, ಗಿಳಿಗೆ ಮಾತು ಕಲಿಸುವ ಗುರು ಹೊಟ್ಟೆಯೇ ಎಂದೂ, ಹಣದ ಆಸೆ ಮಿನುಗಿದರೆ ಕಾಗೆಗಳೂ ಕವಿಗಳಾಗುವುವೆಂದೂ ಅವನ ಮಾತಿನ ತಾತ್ಪರ್ಯ. ಇಪ್ಪತ್ತೆಂಟನೆಯ ವಯಸ್ಸಿಗೇ ತೀರಿಕೊಂಡ ಈ ಕವಿಯ ಪರಿಹಾಸ್ಯ ಇಂದಿಗೂ ಹಳತಾಗಿಲ್ಲ.

ನವೋದಯ ಕಾಲದ ಇಟಲಿಯಲ್ಲಿ ಪಾರ್ನಾಸಸ್ ಒಂದು ಆಸ್ಥಾನದ ರೂಪವನ್ನೇ ತಾಳಿತು. ರಫಾಯೆಲನು 1509 ಮತ್ತು 1511ರ ನಡುವೆ ವ್ಯಾಟಿಕನ್ನಿನ ಭಿತ್ತಿಯ ಮೇಲೆ ಬರೆದ ಚಿತ್ರದಲ್ಲಿ ಅಪಾಲೋ ಮಧ್ಯದಲ್ಲಿ ವಾದ್ಯ ನುಡಿಸುತ್ತಿದ್ದಾನೆ. ಸುತ್ತಲೂ ಮ್ಯೂಸರು; ಕುರುಡ ಹೋಮರ್, ವರ್ಜಿಲ್, ದಾಂತೆ, ಹೆಸರು ಬರೆದ ಸುರುಳಿಯನ್ನು ಹಿಡಿದ ಸಾಫೋ. ಚಿತ್ರ ಮನೋಹರವಾದುದು, ಸಂದೇಹವಿಲ್ಲ. ಆದರೆ ಬೆಟ್ಟದ ಮೇಲೆ ಸ್ಥಳ ಕೊಡುವವರು ಬೇರೊಬ್ಬರಿದ್ದಾರೆ ಎಂಬ ಭಾವನೆಗೆ ಅದು ರೂಪ ಕೊಟ್ಟಿತು. ಫ್ರಾನ್ಸಿನಲ್ಲಿ ಈ ಭಾವನೆ ತನ್ನ ಪರಾಕಾಷ್ಠೆಯನ್ನು ಮುಟ್ಟಿತು. ತೀತೋಂ ದ್ಯು ತಿಯೆ ಎಂಬ ಧನಿಕನು 1718ರಲ್ಲಿ ಪೂರ್ಣಗೊಳಿಸಿದ 'ಫ್ರೆಂಚ್ ಪಾರ್ನಾಸಸ್' ಎಂಬ ಕಂಚಿನ ಶಿಲ್ಪದಲ್ಲಿ ಕವಿಗಳು, ಸಂಗೀತಗಾರರು ಬೆಟ್ಟದ ಮೇಲೆ ನಿಂತಿದ್ದಾರೆ. ತುದಿಯಲ್ಲಿ ಅಪಾಲೋವಿನ ಸ್ಥಾನದಲ್ಲಿರುವವನು ದೊರೆ ಹದಿನಾಲ್ಕನೆಯ ಲೂಯಿ! ಕವಿಗಳನ್ನು ಗೌರವಿಸಬೇಕೆಂಬ ಆ ದಾನಿಯ ಸದಾಶಯವನ್ನು ಅಲ್ಲಗಳೆಯಲಾಗದು. ಆದರೂ ದೊರೆಯ ಕಾಲ ಕೆಳಗೆ ನಿಲ್ಲಿಸಿ ಕೊಟ್ಟ ಗೌರವದಲ್ಲಿ ಕವಿಯ ಪಾಲೆಷ್ಟು, ದೊರೆಯ ಪಾಲೆಷ್ಟು ಎಂದು ಲೆಕ್ಕ ಕೇಳಬೇಕಾಗುತ್ತದೆ.

ಪರ್ವತದ ಈ ರೂಪಕದಿಂದ ಒಳ್ಳೆಯದೂ ಆಗಿದೆ ಎಂಬುದನ್ನು ಮರೆಯಬಾರದು. 'ಪಾರ್ನಾಸಸ್ಸಿಗೆ ಮೆಟ್ಟಿಲುಗಳು' ಎಂಬರ್ಥದ ಲ್ಯಾಟಿನ್ ಹೆಸರಿನಲ್ಲಿ ಛಂದಸ್ಸನ್ನು ಕಲಿಸುವ ಕೈಪಿಡಿಗಳು ಹುಟ್ಟಿದವು. 1725ರಲ್ಲಿ ವಿಯೆನ್ನಾದಲ್ಲಿ ಫುಕ್ಸ್ ಎಂಬ ಸಂಗೀತಾಚಾರ್ಯನು ಅದೇ ಹೆಸರಿನಿಂದ ಸ್ವರಸಂಯೋಜನೆಯ ಗ್ರಂಥವನ್ನು ಪ್ರಕಟಿಸಿದನು. ಗುರುಶಿಷ್ಯ ಸಂವಾದದ ರೂಪದಲ್ಲಿರುವ ಆ ಗ್ರಂಥದಿಂದಲೇ ಹೈಡನ್ ಎಂಬ ಬಡ ಯುವಕನು ಸ್ವಂತ ಪರಿಶ್ರಮದಿಂದ ವಿದ್ಯೆಯನ್ನು ಸಂಪಾದಿಸಿದನು. ಶಿಖರವನ್ನು ಹಾರಿ ಮುಟ್ಟಲಾಗದು, ಮೆಟ್ಟಿಲು ಮೆಟ್ಟಿಲಾಗಿ ಏರಬೇಕು ಎಂಬ ಶಿಸ್ತು ಇಲ್ಲಿ ಮುಖ್ಯ. ಮುಂದೆ ಕ್ಲೆಮೆಂಟಿ ಇದೇ ಹೆಸರಿನಲ್ಲಿ ನೂರು ಪಿಯಾನೋ ಪಾಠಗಳನ್ನು ರಚಿಸಿದನು. ಅಂತಹ ಪಾಠಗಳ ಬೇಸರವನ್ನು 1908ರಲ್ಲಿ ಡೆಬ್ಯೂಸಿ ತನ್ನ ಮಕ್ಕಳ ಸಂಗೀತದಲ್ಲಿ ನಯವಾಗಿ ಹಾಸ್ಯ ಮಾಡಿದನು. ಹಾಸ್ಯಕ್ಕೆ ಗುರಿಯಾದರೂ ಮೆಟ್ಟಿಲು ಯಾರನ್ನೂ ಹೊರಗಿಡುವುದಿಲ್ಲ. ಕಾಲಿಡುವ ಶ್ರದ್ಧೆಯುಳ್ಳವರಿಗೆಲ್ಲ ಅದು ಸಲ್ಲುತ್ತದೆ.

ಹೊರಗಿಡುವುದು ಬಾಗಿಲು. ಪ್ಯಾರಿಸ್ಸಿನ ಪ್ರಕಾಶಕ ಲೆಮೇರ್ 1866ರಲ್ಲಿ 'ಸಮಕಾಲೀನ ಪಾರ್ನಾಸಸ್' ಎಂಬ ಕವಿತಾಸಂಗ್ರಹವನ್ನು ಹೊರತಂದನು. ಭಾವಾತಿರೇಕವನ್ನು ಬಿಟ್ಟು ರೂಪದ ಪರಿಷ್ಕಾರವನ್ನು ಸಾಧಿಸಬೇಕೆಂದ ಕವಿಗಳ ಪಂಥಕ್ಕೆ ಅದರಿಂದಲೇ ಹೆಸರು ಬಂತು. 1901ರಲ್ಲಿ ಸಾಹಿತ್ಯದ ಮೊಟ್ಟಮೊದಲ ನೊಬೆಲ್ ಪಾರಿತೋಷಕವನ್ನು ಪಡೆದ ಸುಲ್ಲಿ ಪ್ರುಧೋಮ್ ಈ ಪಂಥದವನೇ. 1870ರ ಮೇ ತಿಂಗಳಿನಲ್ಲಿ ಹದಿನೈದು ವರ್ಷದ ಹುಡುಗನೊಬ್ಬನು ತನ್ನ ವಯಸ್ಸನ್ನು ತುಸು ಹೆಚ್ಚಿಸಿ ಹೇಳಿಕೊಂಡು, ತನಗೂ ಆ ಸಂಗ್ರಹದಲ್ಲಿ ಎಡೆ ಬೇಕೆಂದು ಹಿರಿಯ ಕವಿ ಬಾನ್ವಿಲ್‌ಗೆ ಪತ್ರ ಬರೆದನು. ಎಡೆ ದೊರೆಯಲಿಲ್ಲ. ಆ ಹುಡುಗ ರಾಂಬೋ. 1876ರ ಮೂರನೆಯ ಸಂಪುಟದ ಆಯ್ಕೆಯಲ್ಲಿ ಮೊದಲ ಸಂಪುಟದ ಕವಿಗಳೇ ಆದ ವರ್ಲೇನ್ ಮತ್ತು ಮಲಾರ್ಮೆಯರನ್ನು ತಿರಸ್ಕರಿಸಲಾಯಿತು. ಮಲಾರ್ಮೆಯ ತಿರಸ್ಕೃತ ಕವಿತೆ ಅದೇ ವರ್ಷ ಮಾನೆಯ ಚಿತ್ರಗಳೊಡನೆ ಬೇರೆ ಪುಸ್ತಕವಾಗಿ ಬಂತು. 1894ರಲ್ಲಿ ಡೆಬ್ಯೂಸಿಯ ಸಂಗೀತಕ್ಕೆ ಪ್ರೇರಣೆಯಾಯಿತು. ಆಯ್ಕೆಗಾರರಲ್ಲಿ ಅನಾತೋಲ್ ಫ್ರಾನ್ಸನಂತಹ ವಿದ್ವಾಂಸನೂ ಇದ್ದನು. ವಿದ್ವತ್ತು ಇದ್ದ ಮಾತ್ರಕ್ಕೆ ತೂಕ ಸರಿಯಾಗುವುದಿಲ್ಲ. ತಕ್ಕಡಿಯ ಮುಳ್ಳನ್ನೂ ನೋಡಬೇಕು.

ಇದಕ್ಕಿಂತಲೂ ಮನಸ್ಸನ್ನು ಕಲಕುವ ಪ್ರಸಂಗ ಅಮೆರಿಕದ್ದು. 1855ರಲ್ಲಿ ವಾಲ್ಟ್ ವಿಟ್ಮನ್ ತನ್ನ 'ಲೀವ್ಸ್ ಆಫ್ ಗ್ರಾಸ್' ಸಂಕಲನವನ್ನು ಪ್ರಕಟಿಸಿದಾಗ ಅವನು ಅಪರಿಚಿತನು. ಪ್ರಖ್ಯಾತ ಚಿಂತಕ ಎಮರ್ಸನ್ ಅದನ್ನು ಓದಿ ಮನಸಾರೆ ಮೆಚ್ಚಿ ಅವನಿಗೆ ಪತ್ರ ಬರೆದನು. ವಿಟ್ಮನ್ ಆ ಖಾಸಗಿ ಪತ್ರವನ್ನು ಅನುಮತಿ ಪಡೆಯದೆ ಅಚ್ಚುಮಾಡಿಸಿದನು. ಇದು ಅವನ ತಪ್ಪು. ಮುಂದೆ 1874ರ ಕೊನೆಗೆ ಎಮರ್ಸನ್ ತನ್ನ ಮೆಚ್ಚಿನ ಕವಿತೆಗಳ ದೊಡ್ಡ ಸಂಗ್ರಹವೊಂದನ್ನು ಹೊರತಂದನು. ಅದರ ಹೆಸರು 'ಪಾರ್ನಾಸಸ್'. ಅದರಲ್ಲಿ ವಿಟ್ಮನ್ನನ ಒಂದು ಕವಿತೆಯೂ ಇಲ್ಲ. ಎಮರ್ಸನ್ ತನ್ನ ಸ್ವಂತ ಕವಿತೆಗಳನ್ನೂ ಸೇರಿಸಿಕೊಳ್ಳಲಿಲ್ಲವೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಆಗ ಅವನಿಗೆ ಎಪ್ಪತ್ತು ದಾಟಿತ್ತು, ಸ್ಮರಣಶಕ್ತಿ ಕುಗ್ಗುತ್ತಿತ್ತು, ಮಗಳು ಸಹಾಯಕ್ಕಿದ್ದಳು. ಇಷ್ಟಾದರೂ ಹತ್ತೊಂಬತ್ತು ವರ್ಷಗಳ ಹಿಂದೆ ಏಕಾಂತದಲ್ಲಿ ಆಡಿದ ಮೆಚ್ಚುಗೆಯನ್ನು ಬಹಿರಂಗದಲ್ಲಿ ನಡೆಸಿಕೊಡಲಿಲ್ಲವೆಂಬ ಮಾತು ಉಳಿದೇ ಉಳಿಯುತ್ತದೆ.

ಡೆಲ್ಫಿಯ ದೇವಾಲಯದಲ್ಲಿ ಮೂರು ಸೂಕ್ತಿಗಳನ್ನು ಕೆತ್ತಲಾಗಿತ್ತೆಂದು ಪ್ರಾಚೀನರು ಹೇಳುತ್ತಾರೆ. ನಿನ್ನನ್ನು ನೀನು ಅರಿ ಎಂಬುದು ಮೊದಲನೆಯದು. ಯಾವುದೂ ಅತಿಯಾಗದಿರಲಿ ಎಂಬುದು ಎರಡನೆಯದು. ಇವೆರಡನ್ನೂ ಎಲ್ಲರೂ ಬಲ್ಲರು. ಮೂರನೆಯದನ್ನು ಸ್ಮರಿಸುವವರು ವಿರಳ: ಜಾಮೀನು ನಿಂತರೆ ಕೇಡು ಸಮೀಪಿಸಿತು. ವ್ಯವಹಾರಸ್ಥರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಪ್ರಶಂಸೆಯೂ ಒಂದು ಜಾಮೀನೇ. ಒಬ್ಬರನ್ನು ಯೋಗ್ಯರೆಂದು ಹೇಳಿದವನು ಆ ಮಾತಿಗೆ ಬದ್ಧನಾಗುತ್ತಾನೆ. ಆದುದರಿಂದ ಹಗುರವಾಗಿ ಹೊಗಳಬಾರದು. ಹೊಗಳಿದ ಮೇಲೆ ಹಿಂಜರಿಯಲೂ ಬಾರದು. ಸನ್ಮಾನಪತ್ರಗಳನ್ನು ಬರೆಯುವವರು, ಪ್ರಶಸ್ತಿಗಳಿಗೆ ಆಯ್ಕೆ ಮಾಡುವವರು, ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸುವವರು ಎಲ್ಲರೂ ಈ ಮಾತನ್ನು ಮನನ ಮಾಡಬಹುದು.

ಪ್ಯಾರಿಸ್ಸಿನ ಮೋಂಪಾರ್ನಾಸ್ ಬಡಾವಣೆಗೆ ಆ ಹೆಸರು ಬಂದ ಬಗೆ ಕುತೂಹಲಕರವಾದುದು. ಹದಿನೇಳನೆಯ ಶತಮಾನದಲ್ಲಿ ಅಲ್ಲಿದ್ದ ಕಲ್ಲುಮಣ್ಣಿನ ಗುಡ್ಡೆಯ ಮೇಲೆ ನಿಂತು ಕವಿತೆಗಳನ್ನು ಹೇಳುತ್ತಿದ್ದ ವಿದ್ಯಾರ್ಥಿಗಳು ವಿನೋದಕ್ಕಾಗಿ ಅದನ್ನು ಪಾರ್ನಾಸಸ್ ಪರ್ವತವೆಂದು ಕರೆದರು. ಮುಂದೆ ಆ ಗುಡ್ಡೆಯನ್ನು ಸಮತಟ್ಟು ಮಾಡಿದರು, ಹೆಸರು ಉಳಿಯಿತು. ಆ ವಿದ್ಯಾರ್ಥಿಗಳು ಯಾರ ಅನುಮತಿಯನ್ನೂ ಕೇಳಿರಲಿಲ್ಲ, ಯಾರನ್ನೂ ಕೆಳಗಿಳಿಸಿರಲಿಲ್ಲ. ಹೆಲಿಕಾನಿನ ಕುರುಬನಿಗೆ ಅವರು ದೂರದ ಬಂಧುಗಳು. ಪಾರ್ನಾಸಸ್ ಎಂಬ ಶಬ್ದವನ್ನು ಮುಂದೆ ಎಲ್ಲಿಯಾದರೂ ಓದಿದಾಗ, ಶಿಖರದಲ್ಲಿ ಕುಳಿತವರನ್ನು ಎಣಿಸುವುದರ ಜೊತೆಗೆ ತಪ್ಪಲಿನಲ್ಲಿ ನಿಂತವರನ್ನೂ ನೆನೆಯುವುದು ಸಹೃದಯರ ಕರ್ತವ್ಯ.