ಮೌನದೆದುರಿನ ಕರೆ

ಸಂಕಟಕಾಲದಲ್ಲಿ ಮನಸ್ಸು ಕುರುಹನ್ನು ಅರಸುತ್ತದೆ. ದೇವರ ಬಲಗಡೆಯಿಂದ ಹೂ ಬಿದ್ದರೆ ಅಭಯ, ಎಡಗಡೆಯಿಂದ ಬಿದ್ದರೆ ಅಳುಕು. ಹಲ್ಲಿ ಲೊಚಗುಟ್ಟಿದರೂ ಅದೇ ದೈವವಾಣಿ. 12ನೆಯ ಶತಮಾನದ ಶರಣರು ಶಕುನಗಳನ್ನು ನಿರಾಕರಿಸಿದರೆಂಬುದು ಸರ್ವವಿದಿತ. ಆದರೆ ಸಂದೇಹದ ಬೇಗೆಯೇ ಅವರಿಗೆ ತಟ್ಟಲಿಲ್ಲವೆಂದು ಭಾವಿಸುವುದು ಸಲ್ಲದು.

ಬಸವಣ್ಣನವರ ಒಂದು ಕಿರುವಚನದಲ್ಲಿ ಭಕ್ತನು ದೇವರನ್ನು ಎಡೆಬಿಡದೆ ಕೂಗುತ್ತಾನೆ. ಅವನು ಬೇಡುವುದು ಸಿರಿಯನ್ನಲ್ಲ, ಪವಾಡವನ್ನಲ್ಲ. ಒಂದು ಮರುದನಿಯನ್ನು ಮಾತ್ರ. ಅದೂ ದೊರೆಯದೆ, ದೇವರ ಮೌನವನ್ನು ಕುರಿತ ಪ್ರಶ್ನೆಯಲ್ಲಿಯೇ ವಚನ ಮುಗಿಯುತ್ತದೆ. ನಾವು ಉತ್ತರವೊಂದನ್ನು ಜೋಡಿಸಿ ವ್ಯಾಖ್ಯಾನಿಸಿದರೆ ಅದರ ಪ್ರಾಮಾಣಿಕತೆ ಮರೆಯಾಗುತ್ತದೆ. ಇಲ್ಲಿ ಗಮನಾರ್ಹವಾದುದು ಅಂಕಿತದ ಸ್ಥಾನ. ಮೌನವನ್ನು ಆಕ್ಷೇಪಿಸಿದ ಮರುಗಳಿಗೆಯಲ್ಲಿಯೇ ಕೂಡಲಸಂಗಮದೇವನ ಹೆಸರು ಬರುತ್ತದೆ. ಸಂದೇಹವು ಸಂಬೋಧನೆಯನ್ನು ಕಡಿದಿಲ್ಲ.

ಅಕ್ಕಮಹಾದೇವಿಯೂ ಗಿಳಿ, ಕೋಗಿಲೆ, ನವಿಲುಗಳನ್ನು ಚೆನ್ನಮಲ್ಲಿಕಾರ್ಜುನನ ಸುಳಿವಿಗಾಗಿ ಕೇಳುತ್ತಾಳೆ. ಅವು ಏನೆಂದವೆಂಬುದು ವಚನದಲ್ಲಿಲ್ಲ. ಹಕ್ಕಿಯ ದನಿಯನ್ನು ಆಕೆ ಶಕುನವೆಂದು ಎಣಿಸುವುದಿಲ್ಲ. ಹಕ್ಕಿಗಳನ್ನೇ ತನ್ನ ಅರಸುವಿಕೆಯ ಒಡನಾಡಿಗಳನ್ನಾಗಿ ಮಾಡಿಕೊಳ್ಳುತ್ತಾಳೆ.

ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದಿರುವಾಗಲೂ ಮನ ತೂಗಾಡುವ ದಿನಗಳುಂಟು. ಅಂದು ಹೊರಗಿನ ಕುರುಹಿಗೆ ಹಂಬಲಿಸುವವರಿಗೆ ಈ ವಚನಗಳು ಸುಲಭದ ಸಾಂತ್ವನವನ್ನು ಕೊಡಲಾರವು. ಕರೆಯುವ ನಾಲಗೆ ಇನ್ನೂ ಬತ್ತಿಲ್ಲವೆಂಬುದನ್ನೇ ಅವು ಭರವಸೆಯಾಗಿ ತೋರುತ್ತವೆ.