ಅವಮಾನದ ತಕ್ಕಡಿ ಯಾರ ಕೈಯಲ್ಲಿ?

ಮಕ್ಕಳ ಬಟ್ಟೆಯ ಜಾಹೀರಾತೊಂದನ್ನು ವಿಮರ್ಶೆಯ ಎದುರು ತಂದಿಡುವುದು ನಮ್ಮ ಸಾಹಿತ್ಯದ ಹಿರಿಯರಿಗೆ ಅಷ್ಟಾಗಿ ಹಿಡಿಸಲಾರದು. ಕಾವ್ಯ, ಕಾದಂಬರಿ ಇರುವಾಗ ಅಂಗಡಿಯ ಅಂಗಿಗೆ ಯಾಕಪ್ಪ ವಿಮರ್ಶೆ ಎಂದು ಕೇಳುತ್ತಾರೆ. ಆದರೆ ದಲಿತ ವಿಮರ್ಶೆ ಮೊದಲಿನಿಂದಲೂ ಬೈಗುಳ, ಗಾದೆ, ಅಡ್ಡಹೆಸರು, ಹೋಟೆಲಿನಲ್ಲಿ ಬೇರೆ ಇಟ್ಟ ಲೋಟ, ಪಂಕ್ತಿಯಲ್ಲಿ ಕೂರಿಸಿದ ಜಾಗ ಇವನ್ನೆಲ್ಲ ಪಠ್ಯವೆಂದೇ ಓದುತ್ತ ಬಂದಿದೆ. ನಮ್ಮ ಬಗ್ಗೆ ಈ ಸಮಾಜ ಬರೆದದ್ದರಲ್ಲಿ ಹೆಚ್ಚಿನದು ಇರುವುದು ಪುಸ್ತಕದಲ್ಲಲ್ಲ, ಇಂಥ ಕಡೆಗಳಲ್ಲೇ. ಹಾಗಾಗಿ ಅಂಗಿಯನ್ನೂ ಓದಬೇಕು.

2018ರ ಜನವರಿಯಲ್ಲಿ ಸ್ವೀಡನ್ನಿನ ಎಚ್ ಅಂಡ್ ಎಂ ಎಂಬ ದೊಡ್ಡ ಬಟ್ಟೆ ಕಂಪನಿಯ ಇಂಟರ್‌ನೆಟ್ ಅಂಗಡಿಯಲ್ಲಿ ಒಂದು ಚಿತ್ರವಿತ್ತು. ಐದು ವರ್ಷದ ಕಪ್ಪು ಹುಡುಗ. ಮೈಮೇಲೆ ಟೋಪಿ ಸೇರಿಸಿ ಹೊಲಿದ ಹಸಿರು ಹೂಡಿ. ಎದೆಯ ಮೇಲೆ ‘ಕೂಲೆಸ್ಟ್ ಮಂಕಿ ಇನ್ ದ ಜಂಗಲ್’ ಎಂಬ ಇಂಗ್ಲಿಷ್ ಬರಹ. ಕಾಡಿಗೆಲ್ಲ ಇವನೇ ಗತ್ತಿನ ಕೋತಿ ಎಂದರ್ಥ. ಅದೇ ಸಾಲಿನ ಇನ್ನೊಂದು ಬಟ್ಟೆಯನ್ನು ಬಿಳಿ ಹುಡುಗನೊಬ್ಬ ತೊಟ್ಟಿದ್ದ. ಕಾಡಿನಲ್ಲಿ ಬದುಕಿ ಬರುವುದರಲ್ಲಿ ಇವನು ಅಧಿಕೃತ ಪರಿಣತ ಎಂಬರ್ಥದ ಮಾತು ಅದರ ಮೇಲಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಬೇರೆ ವ್ಯಾಖ್ಯಾನ ಬೇಕಿಲ್ಲ. ಒಂದೇ ಕಾಡು, ಇಬ್ಬರು ಮಕ್ಕಳು. ಒಬ್ಬ ಕಾಡನ್ನು ಗೆದ್ದು ಬರುವ ಮನುಷ್ಯ, ಇನ್ನೊಬ್ಬ ಆ ಕಾಡಿನ ಪ್ರಾಣಿ.

ಗದ್ದಲ ಎದ್ದಿತು. ಕಂಪನಿಯೊಂದಿಗೆ ಒಪ್ಪಂದವಿದ್ದ ಕೆನಡಾದ ಗಾಯಕ ದಿ ವೀಕೆಂಡ್ ಸಂಬಂಧ ಕಡಿದುಕೊಂಡರು. ಕಂಪನಿ ಕ್ಷಮೆ ಕೇಳಿ ಚಿತ್ರವನ್ನೂ ಬಟ್ಟೆಯನ್ನೂ ಹಿಂದಕ್ಕೆ ತೆಗೆಯಿತು. ದಕ್ಷಿಣ ಆಫ್ರಿಕಾದಲ್ಲಿ ಇಎಫ್‌ಎಫ್ ಪಕ್ಷದ ಕಾರ್ಯಕರ್ತರು ಅಂಗಡಿಗಳಿಗೆ ನುಗ್ಗಿದರು, ಪೊಲೀಸರು ರಬ್ಬರ್ ಗುಂಡು ಹಾರಿಸಿದರು. ಆಮೇಲೆ ಎಷ್ಟೋ ಜನರ ಮಾತೆಲ್ಲ ಚೆಲ್ಲಾಪಿಲ್ಲಿಯಾದ ಅಂಗಡಿಯ ಬಗ್ಗೆಯೇ ಆಯಿತು.

ಈ ನಡುವೆ ಹುಡುಗನ ತಾಯಿ ಮಾತಾಡಿದರು. ಕೀನ್ಯಾ ಮೂಲದ, ಸ್ವೀಡನ್ನಿನಲ್ಲಿರುವ ಕಪ್ಪು ಹೆಣ್ಣುಮಗಳು. ಮಗ ನೂರಾರು ಬಟ್ಟೆ ತೊಟ್ಟು ಚಿತ್ರ ತೆಗೆಸಿಕೊಂಡಿದ್ದಾನೆ, ಇದೂ ಅದರಲ್ಲೊಂದು, ಇಷ್ಟಕ್ಕೆಲ್ಲ ಕೂಗಾಡಬೇಡಿ ಎಂಬುದು ಅವರ ಮಾತಿನ ಸಾರ. ಕಂಪನಿಯ ಪರ ಇದ್ದವರಿಗೆ ಇಷ್ಟೇ ಸಾಕಾಯಿತು. ‘ನೋಡಿ, ಹೆತ್ತವಳಿಗೇ ನೋವಾಗಿಲ್ಲ, ನಿಮಗ್ಯಾಕೆ?’ ಎಂದರು. ಕಡೆಗೆ ಆ ಕುಟುಂಬ ಭದ್ರತೆಯ ಕಾರಣಕ್ಕೆ ಮನೆ ಬದಲಿಸಬೇಕಾಯಿತು.

ನನ್ನ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ಒಂದು ಮಾತು ಅವಮಾನವೋ ಅಲ್ಲವೋ ಎಂದು ತೂಗುವವರು ಯಾರು? ಆಡಿದವರೋ, ಆಡಿಸಿಕೊಂಡವರೋ, ನೋಡುತ್ತ ನಿಂತವರೋ?

ಮೊದಲು ಆಡಿದವರ ವಾದವನ್ನು ನೋಡೋಣ. ಮಕ್ಕಳನ್ನು ಕೋತಿ ಎನ್ನುವುದು ಮುದ್ದಿನ ಮಾತು ಎನ್ನುತ್ತಾರೆ. ನಿಜವೇ. ನಮ್ಮ ಅವ್ವಂದಿರೂ ‘ಏ ಮಂಗ್ಯಾ, ಇಳಿಯೋ ಕೆಳಗೆ’ ಎಂದು ಬೈದೇ ಸಾಕಿದ್ದಾರೆ. ಆದರೆ ಅವ್ವನ ಬಾಯಿಂದ ಬಂದ ಮಂಗ ಬೇರೆ, ಧಣಿಯ ಬಾಯಿಂದ ಬಂದ ಮಂಗ ಬೇರೆ. ಪದದ ಅರ್ಥ ನಿಘಂಟಿನಲ್ಲಿ ಇರುವುದಿಲ್ಲ, ಅದು ನಡೆದು ಬಂದ ದಾರಿಯಲ್ಲಿ ಇರುತ್ತದೆ.

ಆ ದಾರಿ ಎಂಥದು? 1906ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಕಾಂಗೋದಿಂದ ತಂದ ಓಟಾ ಬೆಂಗಾ ಎಂಬ ಯುವಕನನ್ನು ಕೋತಿಗಳ ಮನೆಯಲ್ಲಿ, ಒರಾಂಗುಟಾನ್ ಜೊತೆಗೆ ಪ್ರದರ್ಶನಕ್ಕಿಟ್ಟರು. ಜನ ಹಿಂಡುಹಿಂಡಾಗಿ ಬಂದು ನೋಡಿದರು. ಜೇಮ್ಸ್ ಗಾರ್ಡನ್ ಮೊದಲಾದ ಕಪ್ಪು ಪಾದ್ರಿಗಳು ಇದನ್ನು ವಿರೋಧಿಸಿದಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಈ ಉದ್ವೇಗವೆಲ್ಲ ಯಾಕೆಂದು ತನಗೆ ಅರ್ಥವಾಗುತ್ತಿಲ್ಲ ಎಂಬ ಧಾಟಿಯಲ್ಲಿ ಬರೆಯಿತು. ಮೃಗಾಲಯ ನಡೆಸುವ ಸಂಸ್ಥೆ ಕ್ಷಮೆ ಕೇಳಿದ್ದು 2020ರಲ್ಲಿ. ಅಷ್ಟು ಹೊತ್ತಿಗೆ ಓಟಾ ಬೆಂಗಾ ತನಗೆ ತಾನೇ ಗುಂಡು ಹೊಡೆದುಕೊಂಡು ಸತ್ತು 104 ವರ್ಷವಾಗಿತ್ತು. ‘ನಮಗೆ ಅರ್ಥವಾಗುತ್ತಿಲ್ಲ’ ಎಂಬ ಆ ಮಾತನ್ನು ಗಮನಿಸಬೇಕು. ತನಗೆ ಅರ್ಥವಾಗದ್ದು ಇಲ್ಲವೇ ಇಲ್ಲ ಎಂದು ತೀರ್ಪು ಕೊಡುವ ಯಜಮಾನಿಕೆ ಅದರಲ್ಲಿದೆ.

ಇದು ಬಿಳಿಯರ ರೋಗ ಮಾತ್ರ ಎಂದು ನಾವು ಬೆನ್ನು ತಟ್ಟಿಕೊಳ್ಳುವ ಹಾಗಿಲ್ಲ. 2007ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದ ಆಟಗಾರ ಆಂಡ್ರ್ಯೂ ಸೈಮಂಡ್ಸ್ ಅವರನ್ನು ನೋಡಿ ವಡೋದರ ಮತ್ತು ಮುಂಬಯಿಯ ಮೈದಾನಗಳಲ್ಲಿ ನಮ್ಮ ಜನ ಕೋತಿಯಂತೆ ಕೂಗಿದರು. ಮರುವರ್ಷ ಸಿಡ್ನಿ ಟೆಸ್ಟಿನಲ್ಲಿ ಹರ್ಭಜನ್ ಸಿಂಗ್ ಅವರ ಮೇಲೂ ಅದೇ ಪದ ಆಡಿದ ಆರೋಪ ಬಂತು. ಮೇಲ್ಮನವಿಯಲ್ಲಿ ಆ ಆರೋಪ ಸಾಬೀತಾಗಲಿಲ್ಲ, ಬೈಗುಳಕ್ಕೆ ದಂಡವಷ್ಟೇ ಬಿತ್ತು. ಅದಿರಲಿ. ನನಗೆ ಮುಖ್ಯವಾಗಿ ಕಂಡದ್ದು ಆಗ ನಮ್ಮವರು ಹೂಡಿದ ವಾದ: ‘ನಮ್ಮಲ್ಲಿ ಕೋತಿ ಎಂದರೆ ಹನುಮಂತ, ದೇವರು. ಅದು ಬೈಗುಳ ಹೇಗಾದೀತು?’ ಮೈದಾನದಲ್ಲಿ ಹಾಗೆ ಕೂಗಿದವರು ಯಾರೂ ಹನುಮಾನ್ ಚಾಲೀಸ ಹೇಳುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ವಾದ ಮಾಡಿದವರಿಗೂ ಗೊತ್ತಿತ್ತು.

ಈ ಹನುಮಂತನ ವಾದ ಹಟ್ಟಿಯಲ್ಲಿ ಬೆಳೆದವರಿಗೆ ಹೊಸದಲ್ಲ. ನಮ್ಮ ಜಾತಿಯ ಹೆಸರನ್ನು ಉಗುಳುವ ಹಾಗೆ ಆಡುವವರೇ ಆಮೇಲೆ ‘ಹೊಲೆಯ ಅಂದರೆ ಹೊಲದ ಒಡೆಯ ಅಂತ ಕಣಯ್ಯ, ಅದು ದೊಡ್ಡ ಮಾತು’ ಎಂದು ವ್ಯುತ್ಪತ್ತಿ ಹೇಳುತ್ತಾರೆ. ಅಷ್ಟು ದೊಡ್ಡ ಮಾತಾದರೆ ತಮ್ಮ ಮಗನಿಗೆ ಇಟ್ಟು ಕರೆಯಲಿ. 2008ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವ್ಯುತ್ಪತ್ತಿ ಶಾಸ್ತ್ರಕ್ಕೆ ಸರಿಯಾದ ಉತ್ತರ ಕೊಟ್ಟಿದೆ. ‘ಚಮಾರ’ ಎಂಬ ಪದದ ಮೂಲ ಅರ್ಥ ಏನೇ ಇರಲಿ, ಇವತ್ತು ಜನರ ಬಾಯಲ್ಲಿ ಅದು ಯಾವ ಅರ್ಥ ಪಡೆದಿದೆ ಎಂಬುದನ್ನೇ ನೋಡಬೇಕು, ಅವಮಾನಿಸುವ ಉದ್ದೇಶದಿಂದ ಅದನ್ನು ಜನರೆದುರು ಆಡಿದರೆ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ ಎಂದಿತು.

ಹೊಗಳಿಕೆಯ ರೂಪದಲ್ಲಿ ಬರುವ ಅವಮಾನವೂ ಉಂಟು. ದೇವರ ಮಕ್ಕಳು ಎಂಬ ಅರ್ಥದ ‘ಹರಿಜನ’ ಶಬ್ದ ಹಾಗೆ ಬಂದದ್ದು. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಈ ಹೆಸರನ್ನು ಕಾನೂನಿನೊಳಗೆ ಸೇರಿಸಲು ಹೊರಟಾಗ ಅಂಬೇಡ್ಕರರು ತಮ್ಮ ಪಕ್ಷದವರೊಂದಿಗೆ ಸಭಾತ್ಯಾಗ ಮಾಡಿದರು. ಹೆಸರು ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ ಮೊದಲು ಬರುವ ಪ್ರಶ್ನೆ ಒಂದಿದೆ. ಹೆಸರಿಡುವ ಹಕ್ಕು ಯಾರದು? ಹೊರಬೇಕಾದವರನ್ನು ಕೇಳದೆ ಬಹುಮತದ ಬಲದಿಂದ ಹೊರಿಸಿದ ಹೆಸರು ಎಷ್ಟೇ ಚೆಂದವಿದ್ದರೂ ಅದು ಹೊರೆಯೇ.

ಹಾಗಾದರೆ ಆಡಿಸಿಕೊಂಡವರೇ ತೀರ್ಪುಗಾರರು ಎಂದು ಮುಗಿಸಿಬಿಡಬಹುದೆ? ನಮ್ಮ ಅನೇಕ ಗೆಳೆಯರು ಹಾಗೇ ಮುಗಿಸುತ್ತಾರೆ. ನನಗೆ ಅದು ಸಾಲದು ಎನ್ನಿಸುತ್ತದೆ. ಯಾಕೆಂದರೆ ಆ ತಾಯಿ ಎದುರಿಗೆ ನಿಂತಿದ್ದಾರೆ. ಆಕೆ ಕಪ್ಪು ಹೆಣ್ಣು, ಆಕೆಗೆ ನೋವಾಗಿಲ್ಲ. ಆಕೆಯನ್ನು ಮಾರಿಕೊಂಡವಳು ಎಂದು ಬೈಯುವುದು ಸುಲಭ, ಆದರೆ ತಪ್ಪು. ಆಕೆ ಬೆಳೆದ ನೆಲದಲ್ಲಿ ಆ ಪದಕ್ಕೆ ಅಮೆರಿಕದಲ್ಲಿ ಇದ್ದಷ್ಟು ವಿಷ ಇಲ್ಲದಿರಬಹುದು. ಮಗನ ದುಡಿಮೆಯನ್ನು ಹೆಮ್ಮೆಯಿಂದ ಕಂಡಿರಬಹುದು. ನಮ್ಮ ಕೇರಿಗೆ ಹೋದರೂ ಇಂಥ ತಾಯಂದಿರು ಸಿಗುತ್ತಾರೆ. ‘ಗೌಡ್ರು ಸಲಿಗೆಯಿಂದ ಹಂಗಂತಾರೆ, ಬಿಡಪ್ಪ’ ಎನ್ನುವ ಅವ್ವನಿಗೆ ಸಂಘದ ಹುಡುಗರು ಏನು ಹೇಳಬೇಕು? ನಿನಗೆ ತಿಳಿಯದು, ನಿನ್ನ ಬದಲು ನಾವು ನೋಯುತ್ತೇವೆ ಎನ್ನಲಾಗುವುದೆ?

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ನೋವೊಂದೇ ಅಳತೆಗೋಲಾದರೆ ಆ ಕೋಲನ್ನು ಬಲವಿದ್ದವರೇ ಮೊದಲು ಕಿತ್ತುಕೊಳ್ಳುತ್ತಾರೆ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ನೊಂದವರು ಯಾರು? ಸವರ್ಣ ಕನ್ನಡ. ಆ ನೋವು ಎಷ್ಟು ಬೇಗ ನಿಜವೆಂದು ಸಾಬೀತಾಯಿತೆಂದರೆ ಅವರು ಮಂತ್ರಿಪದವಿ ಬಿಡಬೇಕಾಯಿತು, ದಲಿತ ವಿದ್ಯಾರ್ಥಿಗಳು ಪೆಟ್ಟು ತಿನ್ನಬೇಕಾಯಿತು. ಯಾರೂ ಅವರಿಗೆ ‘ಇಷ್ಟಕ್ಕೆಲ್ಲ ಯಾಕೆ ಸಿಟ್ಟು’ ಎನ್ನಲಿಲ್ಲ. ದಲಿತ ಮದುಮಗ ಕುದುರೆ ಏರಿದರೂ ಊರಿನವರಿಗೆ ನೋವಾಗುತ್ತದೆ. ‘ಭಾವನೆಗೆ ಧಕ್ಕೆ’ ಎಂಬ ಮಾತು ಇವತ್ತು ಯಾರ ಕೈಯಲ್ಲಿ ಬಡಿಗೆಯಾಗಿದೆ ಎಂದು ಎಲ್ಲರಿಗೂ ಗೊತ್ತು.

ಆದ್ದರಿಂದ ನೋವು ಮತ್ತು ಅವಮಾನ ಇವೆರಡನ್ನು ಬೇರ್ಪಡಿಸಿ ನೋಡಬೇಕು ಎಂದು ನನ್ನ ವಾದ. ನೋವು ಒಬ್ಬರ ಎದೆಯೊಳಗಿನದು. ಒಬ್ಬರಿಗೆ ಆಗಬಹುದು, ಇನ್ನೊಬ್ಬರಿಗೆ ಆಗದಿರಬಹುದು. ಅವಮಾನ ಸಮಾಜದ ರಚನೆಯೊಳಗಿನದು. ಅದನ್ನು ತೂಗಲು ಎರಡು ಪ್ರಶ್ನೆ ಸಾಕು. ಈ ಮಾತು ಮೇಲಿನಿಂದ ಕೆಳಕ್ಕೆ ಬೀಳುತ್ತಿದೆಯೇ? ಈ ಮಾತಿನ ಬೆನ್ನಿಗೆ ಮೈಮೇಲಿನ ಹಲ್ಲೆಯ ಚರಿತ್ರೆ ಇದೆಯೇ? ಕೋತಿ ಎಂಬ ಪದ ಕಪ್ಪು ಹುಡುಗನ ಎದೆಯ ಮೇಲೆ ಕೂತಾಗ ಎರಡಕ್ಕೂ ಉತ್ತರ ಹೌದು. ತಾಯಿಗೆ ನೋವಾಗದಿದ್ದರೂ ಹೌದು. ಬೂಸಾ ಎಂಬ ಪದಕ್ಕೆ ಎರಡಕ್ಕೂ ಉತ್ತರ ಇಲ್ಲ, ಸಾವಿರ ಜನ ನೊಂದರೂ ಇಲ್ಲ. ಹೀಗೆ ನೋಡಿದರೆ ತಾಯಿಯ ಮಾತನ್ನೂ ಗೌರವಿಸಬಹುದು, ಅಂಗಿಯನ್ನೂ ಖಂಡಿಸಬಹುದು. ಕೇರಿಯ ಅವ್ವನ ಬದಲು ನಾವು ನೋಯಬೇಕಾಗಿಲ್ಲ. ‘ಗೌಡರ ಮಗನನ್ನು ನೀನೂ ಹಂಗೇ ಸಲಿಗೆಯಿಂದ ಕರೀಬಹುದೇನವ್ವ?’ ಎಂದು ಕೇಳಿದರೆ ಸಾಕು.

ಇನ್ನು ‘ಬೇಕೆಂದು ಮಾಡಿದ್ದಲ್ಲ’ ಎಂಬ ಸಮಜಾಯಿಷಿ. ಇರಬಹುದು. ಆದರೆ ಬಟ್ಟೆ ಬರೆಸಿದವರು, ಹುಡುಗನಿಗೆ ತೊಡಿಸಿದವರು, ಚಿತ್ರ ತೆಗೆದವರು, ಆರಿಸಿದವರು, ಅಂಗಡಿಗೆ ಏರಿಸಿದವರು, ಇಷ್ಟು ಕೈ ದಾಟಿ ಬಂದರೂ ಯಾರೂ ತಡೆಯಲಿಲ್ಲ. ಗೊತ್ತಿಲ್ಲದೆ ಬದುಕಬಲ್ಲ ಸೌಕರ್ಯವೇ ಮೇಲ್ಜಾತಿಯ, ಬಿಳಿ ತೊಗಲಿನ ದೊಡ್ಡ ಆಸ್ತಿ. ನಮಗೆ ಆ ಸೌಕರ್ಯ ಇಲ್ಲ. ಯಾವ ಬೀದಿಯಲ್ಲಿ ಚಪ್ಪಲಿ ಕೈಗೆ ತೆಗೆದುಕೊಳ್ಳಬೇಕು ಎಂಬುದನ್ನು ನಮ್ಮ ಅಜ್ಜಂದಿರು ಐದು ವರ್ಷಕ್ಕೇ ಕಲಿತಿದ್ದರು.

ಕ್ಷಮೆಯ ಲೆಕ್ಕವನ್ನೂ ನೋಡಬೇಕು. ಹೆಸರಾಂತ ಗಾಯಕ ಮುನಿದಾಗ ಕಂಪನಿ ದಿನದೊಳಗೆ ತಲೆಬಾಗಿತು, ವೈವಿಧ್ಯ ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನೂ ನೇಮಿಸಿತು. 2020ರ ಜೂನಿನಲ್ಲಿ ಅದೇ ಕಂಪನಿಗೆ ಬಟ್ಟೆ ಹೊಲಿಯುತ್ತಿದ್ದ ಶ್ರೀರಂಗಪಟ್ಟಣದ ಗಾರ್ಮೆಂಟ್ ಕಾರ್ಖಾನೆಯಲ್ಲಿ ಸುಮಾರು 1,200 ಜನರನ್ನು, ಬಹುಪಾಲು ಹೆಣ್ಣುಮಕ್ಕಳನ್ನು, ಕೆಲಸದಿಂದ ತೆಗೆದಾಗ ಅವರು ವಾರಗಟ್ಟಲೆ ಧರಣಿ ಕೂತರು. ಆ ಹೆಣ್ಣುಮಕ್ಕಳ ಮಾತಿಗೆ ಅಷ್ಟು ಬೇಗ ಕಿವಿ ಸಿಗಲಿಲ್ಲ. ಮಾರುಕಟ್ಟೆಯ ತಕ್ಕಡಿಯಲ್ಲಿ ತೂಗುವುದು ವ್ಯಾಪಾರಕ್ಕೆ ಆಗುವ ಪೆಟ್ಟನ್ನು ಮಾತ್ರ. ಅದರ ಕ್ಷಮೆಯನ್ನು ನ್ಯಾಯ ಎಂದು ನಂಬಿ ಮನೆಗೆ ಹೋಗಬಾರದು.

1946ರಲ್ಲಿ ಅಂಬೇಡ್ಕರರು ಅಮೆರಿಕದ ಕಪ್ಪು ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದು, ಎರಡೂ ಜನರ ಸ್ಥಿತಿಯಲ್ಲಿ ಎಷ್ಟೊಂದು ಹೋಲಿಕೆ ಇದೆ ಎಂಬುದನ್ನು ತೋರಿಸಿದ್ದರು. ಆ ನೆಂಟಸ್ತನವನ್ನು ಉಳಿಸಿಕೊಳ್ಳಬೇಕಾದರೆ ಅವರ ಸಿಟ್ಟಿಗೆ ದನಿಗೂಡಿಸಿದರಷ್ಟೇ ಸಾಲದು. ಕಪ್ಪು ಮನುಷ್ಯನನ್ನು ನೋಡಿ ಕೋತಿಯಂತೆ ಕೂಗುವ ನಮ್ಮ ಬಾಯನ್ನೂ ಕೇಳಿಸಿಕೊಳ್ಳಬೇಕು. ಅವಮಾನದ ತಕ್ಕಡಿ ಆಡಿದವರ ಕೈಯಲ್ಲೂ ಇರಬಾರದು, ಅಂಗಡಿಯವರ ಕೈಯಲ್ಲೂ ಇರಬಾರದು. ಅವಮಾನ ಉಂಡ ಜನಸಮುದಾಯದ ನೆನಪು ಅದನ್ನು ಹಿಡಿಯಬೇಕು, ಆ ನೆನಪು ಎಲ್ಲರೆದುರು ವಾದಕ್ಕೆ ನಿಲ್ಲಬೇಕು. ಆ ನೆನಪನ್ನು ಸಾಕ್ಷಿಯಾಗಿ ಒದಗಿಸುವುದು ವಿಮರ್ಶೆಯ ಕೆಲಸ.

ಆ ಹುಡುಗ ಈಗ ಓದು ಬಲ್ಲವನಾಗಿದ್ದಾನೆ. ತನ್ನ ಎದೆಯ ಮೇಲೆ ಏನು ಬರೆದಿತ್ತು ಎಂದು ಒಂದು ದಿನ ತಾನೇ ಓದುತ್ತಾನೆ. ಅವನಿಗೆ ನೋವಾಯಿತೋ ಇಲ್ಲವೋ ಅವನಿಗೆ ಬಿಟ್ಟದ್ದು. ಬರೆದದ್ದು ತಪ್ಪು ಎಂದು ಹೇಳುವ ಕೆಲಸವನ್ನು ಮಾತ್ರ ಅವನ ಮೇಲೆ ಹೊರಿಸಬಾರದು.