ಸುಭದ್ರೆಗೆ ಯಾರೂ ಹೇಳಲಿಲ್ಲ

ಅಣ್ಣಾಸಾಹೇಬ ಕಿರ್ಲೋಸ್ಕರರ ಮರಾಠಿ ನಾಟಕ ‘ಸಂಗೀತ ಸೌಭದ್ರ’ದ ಬಗ್ಗೆ ಒಂದು ಕಟು ಮಾತು ಪುಣೆಯಲ್ಲಿ ಕೇಳಸಿಗುವುದು ಅಪರೂಪ. 1882ರ ನವೆಂಬರ್ 18ರಂದು ಆ ಊರಿನಲ್ಲಿ ನಾಟಕದ ಮೊದಲ ಮೂರು ಅಂಕಗಳು ರಂಗಕ್ಕೆ ಬಂದವು, ಮರುವರ್ಷ ಪೂರ್ತಿ ನಾಟಕ ಬಂತು. ಅಂದಿನಿಂದ ಅದಕ್ಕೆ ಸಲ್ಲುತ್ತಿರುವುದು ಒಂದೇ ಬಗೆಯ ಹೊಗಳಿಕೆ: ಪ್ರಸನ್ನ ನಾಟಕ, ಮನೆಮಂದಿಯೆಲ್ಲ ಕೂತು ನೋಡಬಹುದಾದ ನಾಟಕ, ದ್ವಾರಕೆಯ ದೇವರನ್ನು ಪೇಟೆಯ ವಾಡೆಗೆ ಕರೆತಂದ ನಾಟಕ. ಈ ಹೊಗಳಿಕೆಯನ್ನು ನಾನು ಒಪ್ಪಲಾರೆ. ಸೌಭದ್ರದ ಪ್ರಸನ್ನತೆ ನಿಂತಿರುವುದು ಒಬ್ಬ ಹರೆಯದ ಹುಡುಗಿಯನ್ನು ಕೊನೆಯತನಕ ಕತ್ತಲೆಯಲ್ಲಿ ಇಡುವುದರ ಮೇಲೆ. ಆ ಕ್ರೌರ್ಯ ನಾಟಕಕಾರನಿಗೆ ಕಾಣಲಿಲ್ಲ. ನೂರನಲವತ್ತು ವರ್ಷಗಳಿಂದ ಚಪ್ಪಾಳೆ ತಟ್ಟುತ್ತಿರುವವರಿಗೂ ಕಂಡಿಲ್ಲ.

ಕಥೆ ಗೊತ್ತಿದ್ದದ್ದೇ. ಬಲರಾಮನಿಗೆ ತಂಗಿ ಸುಭದ್ರೆಯನ್ನು ದುರ್ಯೋಧನನಿಗೆ ಕೊಡುವ ಮನಸ್ಸು, ಕೃಷ್ಣನಿಗೆ ಅರ್ಜುನನಿಗೆ ಕೊಡುವ ಮನಸ್ಸು. ಒಬ್ಬ ಆದಿಶೇಷನ ಅವತಾರ, ಇನ್ನೊಬ್ಬ ಸಾಕ್ಷಾತ್ ವಿಷ್ಣು, ನಡುವೆ ಸುದ್ದಿ ಮುಟ್ಟಿಸುವವನು ದೇವರ್ಷಿ ನಾರದ. ಪುರಿಯ ಗರ್ಭಗುಡಿಯಲ್ಲಿ ಇದೇ ಅಣ್ಣಂದಿರ ನಡುವೆ ಸುಭದ್ರೆ ನಿಂತಿದ್ದಾಳೆ. ನಾಟಕದಲ್ಲೂ ಅವಳದು ಅದೇ ಜಾಗ. ಆದರೆ ಇಲ್ಲಿ ಇಬ್ಬರ ನಡುವೆ ಒಂದು ಯುದ್ಧ ನಡೆದಿದೆ, ಆ ಯುದ್ಧ ಬಯಲಿಗೆ ಬರುವುದಿಲ್ಲ. ಕೃಷ್ಣ ಅಣ್ಣನೆದುರು ನಿಂತು ‘ಇದು ಸರಿಯಲ್ಲ’ ಎನ್ನುವುದಿಲ್ಲ. ಸೋದರತ್ತೆಯ ಮಗ ಇರುವಾಗ ಹೊರಗಿನ ವರ ಏಕೆ ಎಂದು ಕೇಳಿದ್ದರೆ ಸಾಕಿತ್ತು. ನಮ್ಮ ಕಡೆಯ ಯಾವ ಮನೆಯಲ್ಲೂ ಆ ಮಾತಿಗೆ ಬೆಲೆಯಿದೆ. ಅದನ್ನು ಬಿಟ್ಟು ಅವನು ಅರ್ಜುನನಿಗೆ ಕಾವಿ ತೊಡಿಸುತ್ತಾನೆ, ಘಟೋತ್ಕಚನನ್ನು ಕರೆಸುತ್ತಾನೆ, ಹೆಂಡತಿಯ ಎದುರೂ ಏನೂ ಅರಿಯದವನಂತೆ ಇರುತ್ತಾನೆ.

ವ್ಯಾಸಭಾರತದಲ್ಲಿ ಹೀಗಿಲ್ಲ. ಆದಿಪರ್ವದಲ್ಲಿ ಅರ್ಜುನ ಸುಭದ್ರೆಯನ್ನು ರಥಕ್ಕೇರಿಸಿಕೊಂಡು ಹೋದಾಗ ಯಾದವರ ಸಭೆ ಕುದಿಯುತ್ತದೆ, ಬಲರಾಮ ಕೆರಳುತ್ತಾನೆ, ಕೃಷ್ಣ ಎಲ್ಲರೆದುರು ಉತ್ತರ ಕೊಡುತ್ತಾನೆ. ಹೆಣ್ಣನ್ನು ಪಶುವಿನ ಹಾಗೆ ದಾನ ಕೊಡುವುದನ್ನು ಯಾರು ಮೆಚ್ಚುತ್ತಾರೆ ಎಂದು ಅವನು ಅಲ್ಲಿ ಕೇಳುತ್ತಾನೆ. ಸ್ವಯಂವರದಲ್ಲಿ ಅವಳ ಮನಸ್ಸು ಎತ್ತ ವಾಲುವುದೋ ತಿಳಿಯದು, ಆದ್ದರಿಂದ ಹೊತ್ತುಕೊಂಡು ಹೋಗು ಎಂದು ಅರ್ಜುನನಿಗೆ ಹೇಳಿಕೊಟ್ಟವನೂ ಅವನೇ. ವ್ಯಾಸನೂ ಸುಭದ್ರೆಯನ್ನು ಕೇಳಲಿಲ್ಲ, ನಿಜ. ಆದರೆ ಕೇಳಲಿಲ್ಲ ಎಂಬುದನ್ನು ಮುಚ್ಚಿಡಲಿಲ್ಲ. ಕಿರ್ಲೋಸ್ಕರರು ಎತ್ತಿಕೊಂಡದ್ದು ಭಾಗವತದ ದಶಮಸ್ಕಂಧದ ದಾರಿ. ಅಲ್ಲಿ ಅರ್ಜುನ ತ್ರಿದಂಡಿ ಸನ್ಯಾಸಿಯಾಗಿ ದ್ವಾರಕೆಗೆ ಬರುತ್ತಾನೆ, ಬಲರಾಮ ಗುರುತು ಸಿಗದೆ ಅವನನ್ನೇ ಮನೆಗೆ ಕರೆದು ಉಣಬಡಿಸುತ್ತಾನೆ. ಕಪಟ ಸನ್ಯಾಸಿಯ ಈ ಪ್ರಸಂಗ ಕುಮಾರವ್ಯಾಸನನ್ನು ಓದಿದವರಿಗೂ ಯಕ್ಷಗಾನದ ಸುಭದ್ರಾ ಕಲ್ಯಾಣ ನೋಡಿದವರಿಗೂ ಹಳೆಯದು.

ಆ ಯತಿಸೇವೆಯ ದೃಶ್ಯವನ್ನು ಸ್ವಲ್ಪ ನಿಧಾನಿಸಿ ನೋಡಬೇಕು, ನಾಟಕದ ಜೀವ ಇರುವುದೇ ಅಲ್ಲಿ. ಮನೆಗೆ ಬಂದ ಯತಿಯ ಸೇವೆಗೆ ಬಲರಾಮ ತಂಗಿಯನ್ನೇ ನೇಮಿಸುತ್ತಾನೆ. ರಂಗದ ಮೇಲೆ ಇರುವುದು ದಂಡ ಹಿಡಿದು ಕೂತ ಒಬ್ಬ ಗಂಡಸು, ಎದುರಿಗೆ ತಲೆ ತಗ್ಗಿಸಿ ನಿಂತ ಹುಡುಗಿ. ಅವಳು ಮನಸಾರೆ ವರಿಸಿದವನು ಮೂರು ಮಾರು ದೂರದಲ್ಲಿದ್ದಾನೆ. ಅವಳಿಗೆ ಅದು ಗೊತ್ತಿಲ್ಲ. ಯಾವ ಹೆಸರಿಗಾಗಿ ಅವಳ ಜೀವ ಹಿಂಡುತ್ತಿದೆಯೋ ಆ ಹೆಸರಿನವನು ಅವಳ ಸಂಕಟವನ್ನು ಪರರ ಕಥೆಯಂತೆ ಕೇಳುತ್ತ ಕೂತಿದ್ದಾನೆ. ಒಂದು ಮಾತು ಸಾಕು, ಅವನು ಆಡುವುದಿಲ್ಲ. ಆಡಿದರೆ ಕೃಷ್ಣನ ಹೂಟ ಕೆಡುತ್ತದೆ, ಸಂಚು ಬಯಲಾಗುತ್ತದೆ, ನಾಟಕ ಅಲ್ಲಿಗೇ ಮುಗಿಯುತ್ತದೆ.

ಇಲ್ಲಿ ನಾಟಕಕಾರನ ಕೈಚಳಕ ದೊಡ್ಡದು. ಗುಟ್ಟನ್ನು ಅವರು ನಮಗೆ ಮೊದಲೇ ಕೊಟ್ಟಿದ್ದಾರೆ. ಹಾಗಾಗಿ ಪ್ರೇಕ್ಷಕ ಕೂರುವುದು ಕೃಷ್ಣನ ಪಕ್ಕದಲ್ಲಿ, ಸುಭದ್ರೆಯ ಪಕ್ಕದಲ್ಲಲ್ಲ. ಅವಳು ಅತ್ತಷ್ಟೂ ನಮಗೆ ಹಿತ, ಏಕೆಂದರೆ ಸುಖಾಂತ ನಮ್ಮ ಕಿಸೆಯಲ್ಲಿದೆ. ಬಲರಾಮನಿಗೂ ಯತಿಯ ಗುರುತಿಲ್ಲ, ಆದರೆ ಅವನ ಅರಿವುಗೇಡಿಗೆ ನಕ್ಕರೆ ತಪ್ಪಿಲ್ಲ. ಅವನು ಮನೆಯ ಹಿರಿಯ, ಅಧಿಕಾರ ಅವನದು, ಅವನನ್ನು ಬೇಸ್ತು ಬೀಳಿಸಿದರೆ ನ್ಯಾಯವೇ ಆದೀತು. ಸುಭದ್ರೆಯ ಕೈಯಲ್ಲಿ ಏನಿದೆ? ಇಬ್ಬರ ಕುರುಡನ್ನೂ ಒಂದೇ ನಗೆಯಲ್ಲಿ ತೂಗಿದ್ದು ಸೌಭದ್ರದ ದೊಡ್ಡ ದೋಷ. ಅವಳಿಗೆ ಗುಟ್ಟು ಹೇಳಿದ್ದರೂ ಬಲರಾಮನನ್ನು ಮರುಳು ಮಾಡಬಹುದಿತ್ತು. ಅವಳೂ ಆಟದಲ್ಲಿ ಪಾಲುದಾರಳಾಗುತ್ತಿದ್ದಳು, ಹಾಸ್ಯ ಇನ್ನೂ ಹರಿತವಾಗುತ್ತಿತ್ತು. ಹೇಳದೇ ಇದ್ದುದಕ್ಕೆ ಕಥೆಯೊಳಗೆ ಕಾರಣವಿಲ್ಲ. ಅವಳು ಅಳಬೇಕು, ಅತ್ತರೆ ಪದ ಹುಟ್ಟಬೇಕು, ಅಷ್ಟೇ ಕಾರಣ.

ಆ ಪದಗಳು ಮಾತ್ರ ಸುಳ್ಳಲ್ಲ. ಯಾರ ಮೊರೆ ಹೋಗಲಿ ಎಂದು ಸುಭದ್ರೆ ಕೇಳುವ ಪದವನ್ನು ಪುಣೆಯಲ್ಲಿ ಅಜ್ಜಿಯರೂ ಗುನುಗುತ್ತಾರೆ. ಕೃಷ್ಣ–ರುಕ್ಮಿಣಿಯರ ಮುನಿಸು ಓಲೈಕೆಯ ಪದಗಳು ಚಂದ ಇವೆ, ಆದರೆ ಅವು ಆಡುವವರ ಪದಗಳು, ಗೆಲುವು ಮೊದಲೇ ಖಾತ್ರಿಯಾಗಿರುವವರ ಪದಗಳು. ಇಡೀ ನಾಟಕದಲ್ಲಿ ವೇಷ ಹಾಕದೆ, ಸಂಚಿಲ್ಲದೆ, ನಿಜವಾಗಿ ಕೇಳುವವಳು ಅವಳೊಬ್ಬಳೇ. ಕಿರ್ಲೋಸ್ಕರರು ಮರಾಠಿ ರಂಗಕ್ಕೆ ಮಾಡಿದ ಉಪಕಾರವನ್ನು ಇಲ್ಲಿ ನೆನೆಯಲೇಬೇಕು. ಅವರಿಗಿಂತ ಮೊದಲು ವಿಷ್ಣುದಾಸ ಭಾವೆಯವರ ಆಟಗಳಲ್ಲಿ ಎಲ್ಲರ ಪರವಾಗಿ ಸೂತ್ರಧಾರನೇ ಹಾಡುತ್ತಿದ್ದ, ನಮ್ಮ ಭಾಗವತರ ಹಾಗೆ. 1880ರ ‘ಶಾಕುಂತಲ’ದಿಂದ ಪಾತ್ರಗಳೇ ಹಾಡತೊಡಗಿದವು. ಸಾಕಿ, ದಿಂಡಿ, ಲಾವಣಿಯ ಧಾಟಿ, ಕನ್ನಡದ ಮಟ್ಟುಗಳು ಎಲ್ಲ ನೇರವಾಗಿ ಪಾತ್ರದ ಕೊರಳಿಗೆ ಬಂದವು. ಸುಭದ್ರೆಗೆ ಸ್ವಂತ ದನಿ ಸಿಕ್ಕಿದ್ದು ಹೀಗೆ. ಸಂಚು ಕಟ್ಟಿದ ಕಿರ್ಲೋಸ್ಕರರು ಅವಳನ್ನು ಕೈಬಿಟ್ಟರು, ಪದ ಕಟ್ಟಿದ ಕಿರ್ಲೋಸ್ಕರರು ಕೈಹಿಡಿದರು.

ಆ ದನಿಯನ್ನು ಆಮೇಲೆ ಏನು ಮಾಡಿದೆವು? ಮೊದಲ ಸುಭದ್ರೆ ಭಾವೂರಾವ್ ಕೊಲ್ಹಟ್ಕರ್, ಆಗ ಹತ್ತೊಂಬತ್ತರ ತರುಣ. ಮುಂದೆ ಬಾಲಗಂಧರ್ವರು ಬಂದರು, ಕುಂದಗೋಳದ ರಾಮಭಾವು ಅಂದರೆ ಸವಾಯಿ ಗಂಧರ್ವರು ಬಂದರು. ದೊಡ್ಡ ಗಾಯಕರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಟಕ ಅವರ ಕೈಯಲ್ಲಿ ಬೈಠಕ್ ಆಯಿತು. ಶರಣು ಯಾರಿಗೆ ಹೋಗಲಿ ಎಂದು ಹುಡುಗಿ ಕೇಳಿದರೆ ಸಭೆ ‘ವನ್ಸ್ ಮೋರ್’ ಎಂದಿತು. ಅವಳು ಮತ್ತೆ ಮೊದಲಿನಿಂದ ಕೇಳಿದಳು, ಹೊಸ ತಾನಿನೊಂದಿಗೆ. ಇಂದಿಗೂ ಪುಣೆಯಲ್ಲಿ ಪ್ರಯೋಗ ನಡೆದರೆ ಆ ಪದ ಬರುವ ಮುಂಚೆ ಮುಂದಿನ ಸಾಲುಗಳಲ್ಲಿ ಕೈಗಳು ತೊಡೆಯ ಮೇಲೆ ತಾಳಕ್ಕೆ ಸಿದ್ಧವಾಗುತ್ತವೆ. ಸಂಕಟದ ಪ್ರಶ್ನೆ ಅಲಂಕಾರವಾಗಿ ನೂರು ವರ್ಷ ದಾಟಿದೆ.

ಇನ್ನು ನಮ್ಮ ಕನ್ನಡ ವಿಮರ್ಶಕರ ಮಾತು. ಇವರ ಮೇಲೆ ನನಗೆ ಹೆಚ್ಚಿನ ಸಿಟ್ಟಿದೆ, ಏಕೆಂದರೆ ಇವರಿಗೆ ಬೇರೆ ಕಣ್ಣಿನಿಂದ ನೋಡುವ ಅವಕಾಶವಿತ್ತು. ಸೌಭದ್ರದ ಹೆಸರೆತ್ತಿದರೆ ಸಾಕು, ಮರಾಠಿ ರಂಗ ಕನ್ನಡಕ್ಕೆ ತೀರಿಸಬೇಕಾದ ಬಾಕಿಯ ಲೆಕ್ಕ ತೆಗೆಯುತ್ತಾರೆ. ಕಿರ್ಲೋಸ್ಕರರು ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನವರು. ಕರ್ಕಿಯ ಯಕ್ಷಗಾನ ಮೇಳ ಸಾಂಗ್ಲಿಗೆ ಹೋದದ್ದರಿಂದಲೇ 1843ರಲ್ಲಿ ಭಾವೆಯವರ ‘ಸೀತಾ ಸ್ವಯಂವರ’ ಹುಟ್ಟಿತು. ಚುರಮುರಿ ಶೇಷಗಿರಿರಾಯರ ಕನ್ನಡ ಶಾಕುಂತಲ ಮೊದಲು, ಕಿರ್ಲೋಸ್ಕರರದು ಅದರ ನಂತರ. ಅಲ್ಲ, ಪಾರ್ಸಿ ಕಂಪನಿಯ ಇಂದ್ರಸಭೆಯಿಂದ ಬಂದದ್ದು ಎಂದು ಮರಾಠಿ ಕಡೆಯವರ ಉತ್ತರ. ಈ ವ್ಯಾಜ್ಯದಲ್ಲಿ ಎಷ್ಟೋ ಪುಟಗಳು ಖರ್ಚಾಗಿವೆ. ಕನ್ನಡದ ಋಣ ಇದೆ, ಇರಲಿ. ಋಣವಿದೆ ಎಂದು ಸಾಧಿಸಿದ ಮಾತ್ರಕ್ಕೆ ನಾಟಕ ಒಳ್ಳೆಯದೋ ಕೆಟ್ಟದ್ದೋ ಎಂಬುದು ತೀರ್ಮಾನವಾಗುವುದಿಲ್ಲ. ನಮ್ಮಿಂದ ಹೋದದ್ದು ಎಂಬ ಹೆಮ್ಮೆಗೆ ಬಿದ್ದು, ಹೋದದ್ದು ಏನಾಯಿತು ಎಂದು ಕೇಳುವುದನ್ನೇ ಬಿಟ್ಟೆವು.

ಹೋಲಿಸಬೇಕೆಂದಿದ್ದರೆ ಪಕ್ಕದಲ್ಲೇ ಸಿಗುತ್ತಿತ್ತು. ಮರಾಠಿ ನಾಟಕಗಳ ಅಬ್ಬರಕ್ಕೆ ಎದುರಾಗಿ ಗದುಗಿನಲ್ಲಿ ಶಾಂತಕವಿಗಳು ಮಂಡಳಿ ಕಟ್ಟಿದ್ದು 1870ರ ದಶಕದಲ್ಲಿ, ಸೌಭದ್ರಕ್ಕೂ ಮೊದಲು. ಅವರು ಆಡಿಸಿದ್ದು ‘ಉಷಾಹರಣ’. ಆ ಪುರಾಣಕಥೆಯಲ್ಲೂ ಇದೇ ವಯಸ್ಸಿನ ಹುಡುಗಿ, ಇದೇ ದ್ವಾರಕೆ, ಅಲ್ಲೂ ದೇವರ ಜಗಳ. ಆದರೆ ಉಷೆ ಕನಸು ಕಾಣುತ್ತಾಳೆ, ಕಂಡವನು ಬೇಕು ಎನ್ನುತ್ತಾಳೆ. ಗೆಳತಿ ಚಿತ್ರಲೇಖೆ ಲೋಕದ ಗಂಡಸರನ್ನೆಲ್ಲ ಚಿತ್ರದಲ್ಲಿ ಬರೆದು ತೋರಿಸುತ್ತಾಳೆ, ಗುರುತು ಸಿಕ್ಕವನನ್ನು ದ್ವಾರಕೆಯಿಂದ ನಿದ್ದೆಯಲ್ಲೇ ಹೊತ್ತು ತರುತ್ತಾಳೆ. ಸೌಭದ್ರದಲ್ಲಿ ಘಟೋತ್ಕಚ ಹೊತ್ತೊಯ್ಯುವುದು ಸುಭದ್ರೆಯನ್ನು. ಉಷೆಯ ಕಥೆಯಲ್ಲಿ ನಿದ್ದೆಯಲ್ಲಿ ಸಾಗಿದ ದೇಹ ಗಂಡಿನದು, ಕಳಿಸಿದವಳು ಹೆಣ್ಣು. ಇಲ್ಲಿ ದೇಹ ಹೆಣ್ಣಿನದು, ಕಳಿಸಿದವನು ಅಣ್ಣ. ಅಭಿಮನ್ಯುವಿನ ಮದುವೆಯ ಕಥೆಯಿಂದ ಘಟೋತ್ಕಚನ ಈ ಉಪಾಯವನ್ನು ಕಿರ್ಲೋಸ್ಕರರು ಎತ್ತಿ ತಂದರು ಎನ್ನುವುದು ನನ್ನ ಊಹೆ. ಅಲ್ಲಿ ಆ ಹಾರಾಟ ಪ್ರೇಮಿಗಳ ಪರವಾಗಿತ್ತು, ಇಲ್ಲಿ ಅದು ಹುಡುಗಿಗೆ ಭಯವಷ್ಟೇ. ಉಷೆಗಾಗಿ ಆದ ಯುದ್ಧವಂತೂ ಮರೆಯಲ್ಲಿ ನಡೆದದ್ದಲ್ಲ. ಅವಳ ಊರಾದ ಶೋಣಿತಪುರದ ಬಾಗಿಲಲ್ಲಿ ಶಿವ ಮತ್ತು ಕೃಷ್ಣ ಎದುರಾಬದುರಾಗಿ ನಿಲ್ಲುತ್ತಾರೆ, ಶಿವಜ್ವರ ವಿಷ್ಣುಜ್ವರಗಳೂ ಹೊಡೆದಾಡುತ್ತವೆ. ದೇವರು ಬಯಲಲ್ಲಿ ಜಗಳಾಡಿದರೆ ಹುಡುಗಿಗೆ ತಾನು ಎಲ್ಲಿ ನಿಂತಿದ್ದೇನೆ ಎಂದಾದರೂ ತಿಳಿಯುತ್ತದೆ. ಕನ್ನಡ ರಂಗದ ಹೆಚ್ಚುಗಾರಿಕೆ ಹೇಳಬೇಕೆನ್ನುವವರು ಇದನ್ನು ಹೇಳಬಹುದಿತ್ತು.

ಕಾಲ ಹಾಗಿತ್ತು, ಕಿರ್ಲೋಸ್ಕರರಿಂದ ಇನ್ನೇನು ನಿರೀಕ್ಷಿಸುತ್ತೀರಿ ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಅದೇ 1882ರಲ್ಲಿ ಅದೇ ಪುಣೆಯಲ್ಲಿ ತಾರಾಬಾಯಿ ಶಿಂದೆಯವರ ‘ಸ್ತ್ರೀ ಪುರುಷ ತುಲನಾ’ ಅಚ್ಚಾಯಿತು, ಪಂಡಿತಾ ರಮಾಬಾಯಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ಎರಡು ವರ್ಷ ಕಳೆದು ಮುಂಬಯಿಯಲ್ಲಿ ರಖ್ಮಾಬಾಯಿಯ ಮೊಕದ್ದಮೆ ಶುರುವಾಯಿತು. ಹನ್ನೊಂದನೇ ವಯಸ್ಸಿನಲ್ಲಿ ನನ್ನನ್ನು ಕೇಳದೆ ಮಾಡಿದ ಮದುವೆಗೆ ನಾನು ಕಟ್ಟುಬಿದ್ದಿಲ್ಲ ಎಂದು ಆಕೆ ವಾದಿಸಿದರು, ತಿಲಕರ ಕೇಸರಿ ಆಕೆಯ ವಿರುದ್ಧ ನಿಂತಿತು. ಹೆಣ್ಣುಮಗಳನ್ನು ಕೇಳಬೇಕೋ ಬೇಡವೋ ಎಂಬ ಪ್ರಶ್ನೆ ಆ ಊರಿನ ಗಾಳಿಯಲ್ಲೇ ಇತ್ತು. ಸೌಭದ್ರ ನೋಡಲು ಬಂದ ಗೃಹಸ್ಥರು ಆ ಪ್ರಶ್ನೆಯನ್ನು ಕೆಲವು ತಾಸು ಮರೆಯಬಹುದಿತ್ತು. ಒಳ್ಳೆಯ ಅಣ್ಣನೊಬ್ಬನಿದ್ದರೆ ಕೇಳದೆಯೂ ಎಲ್ಲ ಸರಿಹೋಗುತ್ತದೆ ಎಂಬ ಭರವಸೆಯನ್ನು ನಾಟಕ ಅವರಿಗೆ ಕೊಟ್ಟಿತು. ಅದರ ಜನಪ್ರಿಯತೆಗೆ ಸಂಗೀತದಷ್ಟೇ ಇದೂ ಕಾರಣ.

ಸೌಭದ್ರ ಚೆನ್ನಾಗಿ ಕಟ್ಟಿದ ನಾಟಕ, ದೊಡ್ಡ ನಾಟಕವಲ್ಲ. ಅದರಲ್ಲಿ ಉಳಿಯುವುದು ಸುಭದ್ರೆಯ ಪದಗಳು. ಅದನ್ನು ಮತ್ತೆ ಆಡಿಸುವವರಲ್ಲಿ, ಪುಣೆಯವರಿರಲಿ ಧಾರವಾಡದವರಿರಲಿ, ನನ್ನದೊಂದು ಕೋರಿಕೆ: ಯತಿಸೇವೆಯ ದೃಶ್ಯದಲ್ಲಿ ವನ್ಸ್ ಮೋರ್ ಒಪ್ಪಿಕೊಳ್ಳಬೇಡಿ. ಅವಳು ಒಂದೇ ಸಲ ಕೇಳಲಿ, ಯತಿ ಸುಮ್ಮನಿರುವುದನ್ನು ಜನ ನೋಡಲಿ.